ಒಡೆಯನಿಲ್ಲದ ಆಳು: ‘ದಿ ಅಸೆಂಟ್’ ಎಂಬ ಕಂಪ್ಯೂಟರ್ ಆಟದ ಪ್ರಥಮ ಪರಿಚಯ

1

ಮಧ್ಯಕಾಲೀನ ಕನ್ನಡ ಕಾವ್ಯಗಳ ಪುರವರ್ಣನೆಯನ್ನು ಕುರಿತು ನಮ್ಮ ಪೀಠದಲ್ಲಿ ನಡೆದ ತರಗತಿಯೊಂದರ ಕೊನೆಯಲ್ಲಿ ಸಂಶೋಧನ ವಿದ್ಯಾರ್ಥಿಯೊಬ್ಬ ಎದ್ದು ನಿಂತು, “ಸರ್, ನೀವು ಹೇಳಿದ ಉಪ್ಪರಿಗೆ, ಅಂಗಡಿಬೀದಿ, ಸೂಳೆಗೇರಿ ಎಲ್ಲವೂ ಇರುವ ಒಂದು ಪಟ್ಟಣವನ್ನು ನಾನು ದಿನಾ ರಾತ್ರಿ ಸುತ್ತಿ ಬರ್ತೀನಿ” ಎಂದ. ತರಗತಿ ನಕ್ಕಿತು, ನಾನೂ ನಕ್ಕೆ. ಆತ ಹೇಳುತ್ತಿದ್ದುದು ಕಂಪ್ಯೂಟರ್ ಆಟವೊಂದರ ವಿಷಯ. ಮುಂದಿನ ಭಾನುವಾರ ಆತ ತನ್ನ ಯಂತ್ರವನ್ನು ಹೊತ್ತು ನಮ್ಮ ಮನೆಗೇ ಬಂದ. ಅಂದಿನಿಂದ ಮೂರು ಭಾನುವಾರಗಳ ಕಾಲ, ಒಟ್ಟು ಹತ್ತು ಗಂಟೆಗಳಷ್ಟು ಹೊತ್ತು, ನಾನು ಆ ಆಟವನ್ನು ಸ್ವಲ್ಪ ಆಡಿಯೂ ಬಹುಪಾಲು ನೋಡಿಯೂ ಪರಿಚಯ ಮಾಡಿಕೊಂಡೆ.

ಪ್ರಸ್ತುತ ಲೇಖನ ಆ ಪರಿಚಯದ ಫಲ. ಇದು ಪರಿಣತನ ವಿಮರ್ಶೆಯಲ್ಲ. ಹಸ್ತಪ್ರತಿಗಳ ಸಹವಾಸದಲ್ಲಿ ಮೂವತ್ತು ವರ್ಷ ಕಳೆದವನ ಬೆರಳುಗಳಿಗೆ ಇಂಥ ಆಟಗಳ ವೇಗ ದಕ್ಕುವುದು ಕಷ್ಟ. ಆದರೆ ಕಥನವೊಂದು ಎದುರಾದಾಗ ಅದರ ಸ್ವರೂಪವನ್ನು ವಿಚಾರಿಸುವುದು ಸಾಹಿತ್ಯದ ವಿದ್ಯಾರ್ಥಿಯ ಕರ್ತವ್ಯ. ಓಲೆಗರಿಯಲ್ಲಿದ್ದರೆ ಮಾತ್ರ ಕಥನ, ಗಾಜಿನ ಪರದೆಯ ಮೇಲಿದ್ದರೆ ಅಲ್ಲ ಎನ್ನಲು ಯಾವ ಲಾಕ್ಷಣಿಕನ ಆಧಾರವೂ ನನಗೆ ದೊರೆಯಲಿಲ್ಲ. ಆದುದರಿಂದ ಈ ಆಟದ ನೋಟ, ಅದರ ವಂಶಾವಳಿ ಮತ್ತು ಅದರೊಳಗಿನ ಒಂದು ಪದ, ಈ ಮೂರನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇನೆ. ಆ ಪದದಿಂದಾಗಿಯೇ ಈ ಲೇಖನ ನಮ್ಮ ಓದುಗರಿಗೂ ಸಂಬಂಧಪಟ್ಟದ್ದೆಂದು ನಾನು ಭಾವಿಸುತ್ತೇನೆ.

2

ಆಟದ ಹೆಸರು ‘ದಿ ಅಸೆಂಟ್’. ಕನ್ನಡದಲ್ಲಿ ‘ಆರೋಹಣ’ ಎನ್ನಬಹುದು. ಇದನ್ನು ರಚಿಸಿದವರು ಸ್ವೀಡನ್ ದೇಶದ ಉಪ್ಸಾಲಾ ನಗರದ ‘ನಿಯಾನ್ ಜೈಂಟ್’ ಎಂಬ ಸಂಸ್ಥೆಯವರು. 1477ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯದ ಮೂಲಕ ಉಪ್ಸಾಲಾ ಊರಿನ ಹೆಸರು ವಿದ್ವಾಂಸರಿಗೆ ಅಪರಿಚಿತವೇನೂ ಅಲ್ಲ. ‘ಜೈಂಟ್’ ಎಂದರೆ ದೈತ್ಯ. ಆದರೆ ಸಂಸ್ಥೆ ಗಾತ್ರದಲ್ಲಿ ವಾಮನ. ಹನ್ನೆರಡರ ಆಸುಪಾಸಿನ ಜನರ ಒಂದು ತಂಡ ಈ ಆಟದ ಮುಖ್ಯಭಾಗವನ್ನು ಕಟ್ಟಿತು. ‘ಕರ್ವ್ ಡಿಜಿಟಲ್’ ಎಂಬ ಬ್ರಿಟಿಷ್ ಪ್ರಕಾಶನ ಸಂಸ್ಥೆ ಇದನ್ನು 2021ರ ಜುಲೈ 29ರಂದು ವಿಂಡೋಸ್ ಮತ್ತು ಎಕ್ಸ್‌ಬಾಕ್ಸ್ ಯಂತ್ರಗಳಿಗಾಗಿ ಪ್ರಕಟಿಸಿತು. 2022ರ ಮಾರ್ಚ್‌ನಲ್ಲಿ ಪ್ಲೇಸ್ಟೇಷನ್ ಯಂತ್ರಗಳಿಗೂ ಬಂದಿತು. ಒಬ್ಬರೇ ಆಡಬಹುದು, ನಾಲ್ವರವರೆಗೆ ಜತೆಗೂಡಿಯೂ ಆಡಬಹುದು.

ಕಥೆ ನಡೆಯುವುದು ‘ವೆಲೆಸ್’ ಎಂಬ ಕಲ್ಪಿತ ಗ್ರಹದಲ್ಲಿ. ಅಲ್ಲಿ ಒಂದೇ ಕಟ್ಟಡದೊಳಗೆ ಇಡೀ ನಗರವಿದೆ. ಮನುಷ್ಯರೂ ಬೇರೆ ಲೋಕಗಳ ಜೀವಿಗಳೂ ಅದರಲ್ಲಿ ಕಿಕ್ಕಿರಿದಿದ್ದಾರೆ. ಈ ನಗರದ ಒಡೆತನ ‘ದಿ ಅಸೆಂಟ್ ಗ್ರೂಪ್’ ಎಂಬ ಕಂಪನಿಯದು. ಅಲ್ಲಿನ ದುಡಿಯುವ ಜನರ ಒಡೆತನವೂ ಅದರದೇ. ಕರಾರುಪತ್ರದಿಂದ ಕಂಪನಿಗೆ ಬದ್ಧರಾದ ಇಂಥ ಆಳುಗಳಿಗೆ ಆಟದಲ್ಲಿ ‘ಇಂಡೆಂಟ್’ ಎಂದು ಹೆಸರು. ನಾವು ವಹಿಸಬೇಕಾದದ್ದು ಅಂಥ ಒಬ್ಬ ಆಳಿನ ಪಾತ್ರ. ಆಟ ತೊಡಗುವುದು ನಗರದ ತಳಾತಳದಲ್ಲಿ, ಕೊಳಚೆ ಮತ್ತು ಕಸದ ವ್ಯವಸ್ಥೆಯ ನಡುವೆ, ಕೆಟ್ಟುನಿಂತ ಯಂತ್ರವನ್ನು ಸರಿಪಡಿಸುವ ಕೂಲಿಯಿಂದ. ಮಹಾಕಾವ್ಯದ ನಾಯಕನಿಗೆ ಉತ್ತಮ ಕುಲ, ಧೀರೋದಾತ್ತ ಗುಣಗಳನ್ನು ವಿಧಿಸಿದ ನಮ್ಮ ಲಾಕ್ಷಣಿಕರು ಈ ಆರಂಭವನ್ನು ಕಂಡಿದ್ದರೆ ಏನೆನ್ನುತ್ತಿದ್ದರೋ!

ಆ ಕೂಲಿ ಮುಗಿಸಿ ಮೇಲಕ್ಕೆ ಬರುವಷ್ಟರಲ್ಲಿ ಸಂಗತಿಯೊಂದು ಘಟಿಸುತ್ತದೆ. ಒಡೆಯ ಕಂಪನಿ ಕಾರಣ ತಿಳಿಯದಂತೆ ಬಾಗಿಲು ಮುಚ್ಚುತ್ತದೆ. ನಗರದ ವ್ಯವಸ್ಥೆಗಳು ಒಂದೊಂದಾಗಿ ಕೈಕೊಡುತ್ತವೆ. ಪುಂಡರ ಗುಂಪುಗಳೂ ಪ್ರತಿಸ್ಪರ್ಧಿ ಕಂಪನಿಗಳೂ ಬಿದ್ದ ಆಸ್ತಿಯ ಮೇಲೆ ಎರಗುತ್ತವೆ. ಆಳಿನ ಕೈಗೆ ಬಂದೂಕು ಬರುತ್ತದೆ. ಏನಾಯಿತೆಂದು ತಿಳಿಯಲು ಆತ ನಗರದ ಒಂದೊಂದೇ ಸ್ತರವನ್ನು ಏರತೊಡಗುತ್ತಾನೆ.

3

ಮೊದಲು ನೋಟದ ವಿಷಯ. ಈ ಬಗೆಯ ಆಟಗಳನ್ನು ‘ಐಸೋಮೆಟ್ರಿಕ್’ ಎಂದು ಕರೆಯುವುದು ವಾಡಿಕೆ. ‘ಐಸೋ’ ಎಂದರೆ ಗ್ರೀಕ್ ಭಾಷೆಯಲ್ಲಿ ಸಮ. ‘ಮೆಟ್ರಾನ್’ ಎಂದರೆ ಅಳತೆ. ಈ ಎರಡನೆಯ ಶಬ್ದ ನಮ್ಮ ಛಂದಸ್ಸಿನ ‘ಮಾತ್ರೆ’ಯ ದೂರದ ದಾಯಾದಿ. ಹಾಗಾಗಿ ‘ಸಮಮಾತ್ರಾ ನೋಟ’ ಎಂದರೆ ಭಾಷಾಂತರವೂ ಆಯಿತು, ನೆಂಟಸ್ತಿಕೆಯೂ ಉಳಿಯಿತು.

ಇದರ ಅರ್ಥವನ್ನು ತಿಳಿಯಲು ರೈಲು ಹಳಿಗಳನ್ನು ನೆನೆಯಬೇಕು. ಹಳಿಗಳ ನಡುವೆ ನಿಂತು ನೋಡಿದರೆ ಅವು ದೂರದಲ್ಲಿ ಒಂದಾದಂತೆ ಕಾಣುತ್ತವೆ. ಹತ್ತಿರದ ಕಂಬ ದೊಡ್ಡದು, ದೂರದ ಕಂಬ ಚಿಕ್ಕದು. ಹದಿನೈದನೆಯ ಶತಮಾನದ ಇಟಲಿಯ ಚಿತ್ರಕಾರರು ಸಾಧಿಸಿದ್ದು ಈ ಬಗೆಯ ದೃಷ್ಟಿಕೋನವನ್ನು. ಸಮಮಾತ್ರಾ ನೋಟದಲ್ಲಾದರೋ ಹಳಿಗಳು ಎಲ್ಲಿಯೂ ಕೂಡುವುದಿಲ್ಲ. ದೂರದ ವಸ್ತುವಿಗೂ ಹತ್ತಿರದ ವಸ್ತುವಿಗೂ ಅಳತೆ ಒಂದೇ. ಘನಾಕೃತಿಯ ಪೆಟ್ಟಿಗೆಯೊಂದನ್ನು ಅದರ ಒಂದು ಮೂಲೆಯ ಕಡೆಯಿಂದ ಸ್ವಲ್ಪ ಮೇಲೆ ನಿಂತು ನೋಡಿದಂತೆ ಬರೆದರೆ, ಆ ಮೂಲೆಯಲ್ಲಿ ಕೂಡುವ ಮೂರು ಅಂಚುಗಳ ನಡುವೆ 120 ಅಂಶಗಳ ಸಮಾನ ಕೋನಗಳು ಬರುತ್ತವೆ. ಮೂರು ಅಂಚುಗಳನ್ನೂ ಒಂದೇ ಅಳತೆಗೋಲಿನಿಂದ ಅಳೆಯಬಹುದು. ಕೇಂಬ್ರಿಜ್‌ನ ಪ್ರಾಧ್ಯಾಪಕ ವಿಲಿಯಂ ಫ್ಯಾರಿಷ್ 1822ರಲ್ಲಿ ಈ ಕ್ರಮವನ್ನು ಶಾಸ್ತ್ರೀಯವಾಗಿ ನಿರೂಪಿಸಿದ. ಆತನ ಉದ್ದೇಶ ಯಂತ್ರಗಳ ನಕ್ಷೆಗಳನ್ನು ಸುಲಭವಾಗಿ ಬರೆಯುವುದಾಗಿತ್ತು. ಆದರೆ ಶಾಸ್ತ್ರವಿಲ್ಲದೆಯೂ ಸಮಾನಾಂತರ ರೇಖೆಗಳನ್ನು ಸಮಾನಾಂತರವಾಗಿಯೇ ಬಿಡುವ ಪದ್ಧತಿ ಏಷ್ಯದ ಚಿತ್ರಕಲೆಯಲ್ಲಿ ಬಹುಕಾಲದಿಂದ ಇದೆ. ನಮ್ಮ ಕಿರುಚಿತ್ರಗಳಲ್ಲಿ ಅರಮನೆಯ ಅಂಗಳ, ಮಾಳಿಗೆ, ತೋಟಗಳು ಒಟ್ಟಿಗೇ ಕಾಣುವುದನ್ನು ದೆಹಲಿಯ ರಾಷ್ಟ್ರೀಯ ಸಂಗ್ರಹಾಲಯಕ್ಕೆ ಹೋದ ಓದುಗರು ಗಮನಿಸಿರಬಹುದು.

ಕಂಪ್ಯೂಟರ್ ಆಟಗಳು 1980ರ ದಶಕದಲ್ಲಿ ಈ ನೋಟವನ್ನು ಹಿಡಿದದ್ದು ಬಡತನದಿಂದ. ಅಂದಿನ ಯಂತ್ರಗಳಿಗೆ ವಸ್ತುವಿನ ಗಾತ್ರವನ್ನು ದೂರಕ್ಕೆ ತಕ್ಕಂತೆ ಕ್ಷಣಕ್ಷಣವೂ ಬದಲಿಸುವ ಶಕ್ತಿಯಿರಲಿಲ್ಲ. ಸಮಮಾತ್ರಾ ನೋಟದಲ್ಲಿ ಒಂದು ಗೋಡೆಯ ಚಿತ್ರವನ್ನು ಒಮ್ಮೆ ಬರೆದರೆ ಸಾಕು. ಎಲ್ಲಿ ಬೇಕಾದರೂ ಹಾಗೆಯೇ ಅಂಟಿಸಬಹುದು. ಪರದೆಯ ಚುಕ್ಕೆಗಳ ಮೇಲೆ 30 ಅಂಶದ ಓರೆ ಗೆರೆ ಒರಟಾಗಿ ಬರುತ್ತಿದ್ದುದರಿಂದ ಎರಡು ಚುಕ್ಕೆ ಪಕ್ಕಕ್ಕೆ, ಒಂದು ಚುಕ್ಕೆ ಮೇಲಕ್ಕೆ ಎಂಬ ಲೆಕ್ಕ ರೂಢಿಗೆ ಬಂತು. ಆಗ ಕೋನ ಸುಮಾರು 26.5 ಅಂಶವಾಗುತ್ತದೆ. ನಮ್ಮ ಹೆಣ್ಣುಮಕ್ಕಳು ಚುಕ್ಕಿ ಇಟ್ಟು ರಂಗೋಲಿಯ ಗೆರೆ ಎಳೆಯುವ ಲೆಕ್ಕಾಚಾರವೂ ಇಂಥದೇ. 1982ರ ‘ಜಾಕ್ಸನ್’, 1984ರ ‘ನೈಟ್ ಲೋರ್’, 1997ರ ‘ಫಾಲ್ಔಟ್’ ಈ ಪರಂಪರೆಯ ಪ್ರಸಿದ್ಧ ಕೃತಿಗಳು.

ಶುದ್ಧ ಶಾಸ್ತ್ರದ ದೃಷ್ಟಿಯಿಂದ ‘ದಿ ಅಸೆಂಟ್’ ಸಮಮಾತ್ರಾ ನೋಟದ್ದಲ್ಲ. ‘ಅನ್‌ರಿಯಲ್ ಎಂಜಿನ್ 4’ ಎಂಬ ತಂತ್ರಾಂಶದಿಂದ ಕಟ್ಟಿದ ಪೂರ್ಣ ಮೂರು ಆಯಾಮಗಳ ಲೋಕ ಅದರದು. ದೂರದ ವಸ್ತು ಅಲ್ಲಿ ಚಿಕ್ಕದಾಗಿಯೇ ಕಾಣುತ್ತದೆ. ಆದರೂ ಕ್ಯಾಮೆರಾ ಎತ್ತರದಲ್ಲಿ ಓರೆಯಾಗಿ ನಿಂತು ನೋಡುವುದರಿಂದ ಹಳೆಯ ಹೆಸರೇ ಉಳಿದಿದೆ. ಛಂದಸ್ಸು ಸಡಿಲವಾದ ಮೇಲೂ ‘ರಗಳೆ’ ಎಂಬ ಹೆಸರು ಉಳಿದಂತೆ.

ಈ ನೋಟದ ಪರಿಣಾಮ ದೊಡ್ಡದು. ನಾಯಕ ಹೆಬ್ಬೆರಳ ಗಾತ್ರ. ನಗರ ಪರದೆಯ ತುಂಬ. ಆತನ ಮುಖ ಕಾಣುವುದು ಅಪರೂಪ. ಕಾಣುವುದು ಆತ ನಡೆಯುವ ಓಣಿ, ಅಕ್ಕಪಕ್ಕದ ಅಂಗಡಿಗಳ ಬಣ್ಣದ ದೀಪ, ಆವಿಯೇಳುವ ಅಡುಗೆಯ ಗಾಡಿ, ಹೊಗೆಯಲ್ಲಿ ಕರಗುವ ಜನಜಂಗುಳಿ. ಸೇತುವೆಯ ಅಂಚಿಗೆ ಬಂದರೆ ಕೆಳಗೆ ಇನ್ನೊಂದು ಸ್ತರ, ಅದರ ಕೆಳಗೆ ಮತ್ತೊಂದು, ನಡುವೆ ಹಾರಾಡುವ ವಾಹನಗಳ ಸಾಲು. ಇಷ್ಟು ಚಿಕ್ಕ ತಂಡ ಇಷ್ಟೊಂದು ಸೂಕ್ಷ್ಮ ವಿವರಗಳನ್ನು ಹೇಗೆ ತುಂಬಿತೆಂದು ಬೆರಗಾಗುತ್ತದೆ. ಬೇಲೂರಿನ ಶಿಲ್ಪಿ ಕಾಣದ ಮೂಲೆಯಲ್ಲೂ ಬಳ್ಳಿ ಬಿಡಿಸಿದ ಹಾಗೆ, ಯಾರೂ ನಿಂತು ನೋಡದ ಗೋಡೆಯಲ್ಲೂ ಇವರು ಕೊಳವೆ, ತಂತಿ, ಹರಿದ ಭಿತ್ತಿಪತ್ರಗಳನ್ನಿಟ್ಟಿದ್ದಾರೆ.

4

ಈ ಆಟದ ಕಥಾಪ್ರಕಾರವನ್ನು ‘ಸೈಬರ್‌ಪಂಕ್’ ಎನ್ನುತ್ತಾರೆ. ಈ ಸಮಾಸದ ಪೂರ್ವಪದದ ಮೂಲ ಗ್ರೀಕ್ ಭಾಷೆಯ ‘ಕುಬೆರ್ನೇತೇಸ್’; ಹಡಗಿನ ಚುಕ್ಕಾಣಿ ಹಿಡಿದವನು ಎಂದರ್ಥ. ಗಣಿತಜ್ಞ ನಾರ್ಬರ್ಟ್ ವೀನರ್ 1948ರಲ್ಲಿ ನಿಯಂತ್ರಣ ಮತ್ತು ಸಂವಹನಗಳ ಶಾಸ್ತ್ರಕ್ಕೆ ಈ ಮೂಲದಿಂದಲೇ ‘ಸೈಬರ್ನೆಟಿಕ್ಸ್’ ಎಂದು ಹೆಸರಿಟ್ಟ. ಉತ್ತರಪದವಾದ ‘ಪಂಕ್’ 1970ರ ದಶಕದ ಪಾಶ್ಚಾತ್ಯ ತರುಣರ ಬಂಡಾಯದ ಸಂಗೀತವನ್ನು ನೆನಪಿಸುತ್ತದೆ. ಬ್ರೂಸ್ ಬೆತ್ಕೆ ಎಂಬ ಅಮೆರಿಕದ ಲೇಖಕ 1983ರಲ್ಲಿ ಪ್ರಕಟವಾದ ತನ್ನ ಕಥೆಗೆ ‘ಸೈಬರ್‌ಪಂಕ್’ ಎಂದೇ ಹೆಸರಿಟ್ಟಿದ್ದ. 1984ರಲ್ಲಿ ವಿಲಿಯಂ ಗಿಬ್ಸನ್ನನ ‘ನ್ಯೂರೋಮ್ಯಾನ್ಸರ್’ ಕಾದಂಬರಿ ಈ ಪ್ರಕಾರಕ್ಕೆ ಮಾದರಿಯಾಯಿತು. ಅದಕ್ಕೂ ಎರಡು ವರ್ಷ ಮೊದಲು, 1982ರಲ್ಲಿ, ರಿಡ್ಲಿ ಸ್ಕಾಟ್ ನಿರ್ದೇಶಿಸಿದ ‘ಬ್ಲೇಡ್ ರನ್ನರ್’ ಚಲನಚಿತ್ರ ಈ ಲೋಕದ ಚಿತ್ರರೂಪವನ್ನು ಸ್ಥಿರಪಡಿಸಿತ್ತು: ಎಡೆಬಿಡದ ಮಳೆ, ಇರುಳು, ನಿಯಾನ್ ದೀಪದ ಫಲಕಗಳು. ಅದು ಚಿತ್ರಿಸಿದ ಭವಿಷ್ಯ 2019ನೆಯ ಇಸವಿಯ ಲಾಸ್ ಏಂಜಲೀಸ್. ಆ ಇಸವಿ ಬಂದು ಹೋಯಿತು. ಭವಿಷ್ಯದ ಆ ಚಿತ್ರ ಮಾತ್ರ ಕವಿಸಮಯದಂತೆ ಉಳಿದಿದೆ.

ಕವಿಸಮಯ ಎಂದದ್ದು ಬೇಕೆಂದೇ. ನಮ್ಮ ಕಾವ್ಯಗಳಲ್ಲಿ ಪುರವರ್ಣನೆಗೆ ಇಂತಿಂಥ ಅಂಗಗಳಿರಬೇಕೆಂಬ ನಿಯಮವಿತ್ತು. ಕಂದಕ, ಕೋಟೆ, ಸೌಧಾಗ್ರದ ಕಲಶ, ಅಂಗಡಿಯ ಸಾಲು, ಇವಿಲ್ಲದೆ ಅಷ್ಟಾದಶ ವರ್ಣನೆಯ ಪುರಭಾಗ ಪೂರ್ತಿಯಾಗದು. ಸೈಬರ್‌ಪಂಕ್ ಪುರಕ್ಕೂ ಅಂಥದೇ ನಿಯಮ: ಬೀದಿಬದಿಯ ಊಟ, ಯಂತ್ರದ ಕೈಕಾಲು ತೊಡಿಸುವ ವೈದ್ಯ, ಕಂಪನಿಯ ಗೋಪುರ. ವ್ಯತ್ಯಾಸ ಒಂದೇ. ನಮ್ಮ ಪುರವರ್ಣನೆ ಪುರದ ಸಿರಿಯಿಂದ ಅರಸನ ಹಿರಿಮೆಯನ್ನು ಹೇಳುತ್ತದೆ. ಇಲ್ಲಿ ಪುರದ ಸಿರಿ ಹೆಚ್ಚಿದಷ್ಟೂ ಆಳಿನ ಬಡತನ ಹೆಚ್ಚು ಕಾಣುತ್ತದೆ. ಬಾಳಿನ ಚುಕ್ಕಾಣಿ ದೋಣಿಯಲ್ಲಿರುವವನ ಕೈಯಲ್ಲಿಲ್ಲ ಎಂಬುದೇ ಈ ಪ್ರಕಾರದ ಸ್ಥಾಯಿಭಾವ ಎನ್ನಬಹುದು.

ಒಂದೇ ಕಟ್ಟಡದೊಳಗಿನ ನಗರ ಎಂಬ ಕಲ್ಪನೆಗೂ ಚರಿತ್ರೆಯಿದೆ. ಇಟಲಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ವಾಸ್ತುಶಿಲ್ಪಿ ಪಾವೊಲೊ ಸೊಲೇರಿ ವಾಸ್ತು ಮತ್ತು ಪರಿಸರಶಾಸ್ತ್ರಗಳ ಇಂಗ್ಲಿಷ್ ಹೆಸರುಗಳನ್ನು ಕೂಡಿಸಿ ‘ಆರ್ಕಾಲಜಿ’ ಎಂಬ ಪದವನ್ನು ಕಟ್ಟಿದ. 1969ರಲ್ಲಿ ಅದನ್ನು ಕುರಿತು ಗ್ರಂಥ ಪ್ರಕಟಿಸಿ, 1970ರಲ್ಲಿ ಅರಿಜೋನದ ಮರುಭೂಮಿಯಲ್ಲಿ ‘ಆರ್ಕೊಸಾಂಟಿ’ ಎಂಬ ಪ್ರಾಯೋಗಿಕ ಊರನ್ನು ಕಟ್ಟತೊಡಗಿದ. ನಗರಗಳು ನೆಲವನ್ನು ನುಂಗುತ್ತ ಅಡ್ಡಡ್ಡ ಬೆಳೆಯಬಾರದು, ಒತ್ತಾಗಿ ಎತ್ತರಕ್ಕೆ ಬೆಳೆದು ಸುತ್ತಣ ಪ್ರಕೃತಿಯನ್ನು ಉಳಿಸಬೇಕು ಎಂಬುದು ಆತನ ಸದಾಶಯ. ಕಥೆಗಾರರು ಆ ಸದಾಶಯಕ್ಕೆ ಒಂದು ಪ್ರಶ್ನೆ ಹಾಕಿದರು: ಎತ್ತರದ ಊರಿನಲ್ಲಿ ಕೆಳಗಿರುವವರು ಯಾರು? ‘ದಿ ಅಸೆಂಟ್’ ಆಟದ ನಗರ ಆ ಪ್ರಶ್ನೆಯ ಮೇಲೆ ನಿಂತಿದೆ. ಅಲ್ಲಿ ತಳಸ್ತರದ ಹೆಸರಿನಲ್ಲೇ ದುರ್ನಾತವಿದೆ; ಮೇಲಿನ ಹೆಸರುಗಳಲ್ಲಿ ರಾಜಬೀದಿ, ಶಿಖರಗಳಿವೆ. ಲಿಫ್ಟಿನ ಗುಂಡಿಯೇ ಅಲ್ಲಿ ವರ್ಣಾಶ್ರಮ.

ಇಲ್ಲೊಂದು ಪೂರ್ವಕೃತಿಯನ್ನು ನೆನೆಯಬೇಕು. 1993ರಲ್ಲಿ ಇಂಗ್ಲೆಂಡಿನ ‘ಬುಲ್‌ಫ್ರಾಗ್’ ಸಂಸ್ಥೆ ರಚಿಸಿದ ‘ಸಿಂಡಿಕೇಟ್’ ಎಂಬ ಆಟದಲ್ಲೂ ಇದೇ ಓರೆ ನೋಟ, ಇದೇ ಬಗೆಯ ಕಂಪನಿಗಳ ಲೋಕ. ಆದರೆ ಅಲ್ಲಿ ಆಟಗಾರ ಕಂಪನಿಯ ಅಧಿಕಾರಿ. ಮಿದುಳಿಗೆ ಯಂತ್ರ ಹೊಕ್ಕಿಸಿದ ನಾಲ್ವರು ಕಾಲಾಳುಗಳನ್ನು ಮೇಲಿನಿಂದ ನಡೆಸುವುದು ಅವನ ಕೆಲಸ. ಅಧಿಕಾರಿಗೆ ಆ ಎತ್ತರದ ನೋಟ ಸಹಜವೇ. ‘ದಿ ಅಸೆಂಟ್’ ಅದೇ ಎತ್ತರದಿಂದ ನೋಡುತ್ತ ಆಳಿನ ಪಾತ್ರವನ್ನು ನಮಗೆ ಕೊಡುತ್ತದೆ. ಬಾಳು ಆಳಿನದು, ಕಣ್ಣು ಒಡೆಯನದು. ಈ ವಿರೋಧ ನನ್ನನ್ನು ಕೊನೆಯವರೆಗೂ ಬಿಡಲಿಲ್ಲ.

5

ಇನ್ನು ಆಟದ ಕ್ರಮ. ಇದು ‘ಆ್ಯಕ್ಷನ್ ರೋಲ್‌ಪ್ಲೇಯಿಂಗ್’ ಜಾತಿಯದು. ಕ್ರಿಯಾಪ್ರಧಾನವಾದ ಪಾತ್ರಧಾರಣೆಯ ಆಟ ಎನ್ನೋಣ. ಪಾತ್ರಧಾರಣೆಯ ಆಟಗಳ ಮೂಲ 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಪ್ರಕಟಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಮೇಜಿನ ಸುತ್ತ ಕುಳಿತವರು ಒಬ್ಬೊಬ್ಬ ಕಲ್ಪಿತ ವ್ಯಕ್ತಿಯನ್ನು ವಹಿಸಿಕೊಂಡು, ಆತನ ಬಲ, ಬುದ್ಧಿ, ಚಾತುರ್ಯಗಳನ್ನು ಅಂಕಿಗಳಲ್ಲಿ ಬರೆದಿಟ್ಟು, ದಾಳ ಉರುಳಿಸಿ ಕಥೆಯನ್ನು ಮುಂದುವರಿಸುತ್ತಿದ್ದರು. ಕಂಪ್ಯೂಟರ್ ಆ ದಾಳವನ್ನೂ ಲೆಕ್ಕವನ್ನೂ ತಾನು ವಹಿಸಿಕೊಂಡಿತು. ಕ್ರಿಯಾಪ್ರಧಾನ ಶಾಖೆಯಲ್ಲಿ ಅಂಕಿಗಳ ಜತೆಗೆ ಆಟಗಾರನ ಬೆರಳಿನ ಚುರುಕೂ ಸೇರುತ್ತದೆ.

‘ದಿ ಅಸೆಂಟ್’ನಲ್ಲಿ ಒಂದು ಕಡ್ಡಿ ನಾಯಕನನ್ನು ನಡೆಸುತ್ತದೆ, ಇನ್ನೊಂದು ಆತನ ಬಂದೂಕಿನ ದಿಕ್ಕನ್ನು ತಿರುಗಿಸುತ್ತದೆ. ಶತ್ರುಗಳನ್ನು ಕೊಂದಂತೆ ಅನುಭವದ ಅಂಕ ಹೆಚ್ಚುತ್ತದೆ. ಆ ಅಂಕದಿಂದ ಗುರಿ, ಚಪಲತೆ, ದೇಹಬಲ ಮೊದಲಾದವನ್ನು ಬೆಳೆಸಿಕೊಳ್ಳಬಹುದು. ಹಣ ಕೊಟ್ಟು ಶರೀರಕ್ಕೆ ಯಂತ್ರಾಂಗಗಳನ್ನು ಕೂಡಿಸಿಕೊಳ್ಳಬಹುದು. ನನಗೆ ವಿಶೇಷವೆನಿಸಿದ್ದು ಮರೆಯ ಬಳಕೆ. ಗಿಡ್ಡ ಗೋಡೆಯ ಹಿಂದೆ ಮಂಡಿಯೂರಿ ಕುಳಿತು, ಬಂದೂಕನ್ನು ಮಾತ್ರ ತಲೆಯ ಮೇಲಕ್ಕೆತ್ತಿ ಗುಂಡು ಹಾರಿಸುವ ಅವಕಾಶವಿದೆ. ಹಾಗಾಗಿ ಎತ್ತರ ತಗ್ಗುಗಳು ಈ ಆಟದಲ್ಲಿ ಕಥೆಯ ವಿಷಯ ಮಾತ್ರವಲ್ಲ, ಕೈಯ ವಿಷಯವೂ ಹೌದು: ಗಿಡ್ಡ ಜೀವಿಗೆ ತಗ್ಗಿಸಿ ಹೊಡೆಯಬೇಕು, ಮರೆಯಾಚೆಗೆ ಎತ್ತಿ ಹೊಡೆಯಬೇಕು. ಈ ಸೂಕ್ಷ್ಮ ಅರಿವಾಗುವ ಮುನ್ನ ನನ್ನ ನಾಯಕ ಹದಿನಾಲ್ಕು ಬಾರಿ ಸತ್ತ. ವಿದ್ಯಾರ್ಥಿ ವಿನಯದಿಂದ ಎಣಿಸಿ ಹೇಳಿದ್ದರಿಂದ ಸಂಖ್ಯೆ ಗೊತ್ತಾಯಿತು.

‘ಪಾತ್ರ’ ಎಂಬ ನಮ್ಮ ಶಬ್ದಕ್ಕೆ ಭಾಂಡ ಎಂಬ ಅರ್ಥವೂ ಉಂಟು. ಇಲ್ಲಿನ ಪಾತ್ರ ಬಹುಮಟ್ಟಿಗೆ ಅಂಥ ಬರಿದಾದ ಭಾಂಡ. ನಾನು ಆಡಿದಷ್ಟು ಹೊತ್ತಿನಲ್ಲಿ ನಾಯಕನ ಬಾಯಿಂದ ಒಂದು ಸ್ವಂತ ಮಾತೂ ಕೇಳಲಿಲ್ಲ. ಎಲ್ಲರೂ ಆತನಿಗೆ ಆಜ್ಞೆ ಮಾಡುತ್ತಾರೆ. ಆತ ಹೋಗುತ್ತಾನೆ, ಕೊಲ್ಲುತ್ತಾನೆ, ಮರಳುತ್ತಾನೆ. ಯಕ್ಷಗಾನದ ಪಾತ್ರಧಾರಿ ಪದ್ಯದ ಅರ್ಥವನ್ನು ತನ್ನ ಮಾತಿನಲ್ಲೇ ಕಟ್ಟಬೇಕು. ಮಾತು ಬಾರದವನು ಅಲ್ಲಿ ವೇಷಧಾರಿ ಮಾತ್ರ.

6

ಈಗ ನಾನು ಹೇಳಬೇಕೆಂದಿದ್ದ ಪದಕ್ಕೆ ಬರುತ್ತೇನೆ. ‘ಇಂಡೆಂಟ್’ ಎಂಬುದು ನಮ್ಮ ಕಚೇರಿಗಳಲ್ಲಿ ದಿನವೂ ಕೇಳುವ ಮಾತು. ಕಾಗದ, ಶಾಯಿ, ಕುರ್ಚಿ ಬೇಕಾದರೆ ‘ಇಂಡೆಂಟ್ ಹಾಕಿ’ ಎನ್ನುತ್ತಾರೆ ಗುಮಾಸ್ತರು. ಆಟದಲ್ಲಿ ಮನುಷ್ಯನಿಗೇ ಆ ಹೆಸರು. ಎರಡರ ಮೂಲವೂ ಒಂದೇ. ಲ್ಯಾಟಿನ್ ಭಾಷೆಯಲ್ಲಿ ‘ದೆನ್ಸ್’ ಎಂದರೆ ಹಲ್ಲು. ಸಂಸ್ಕೃತದ ‘ದಂತ’ದ ಸೋದರ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಕರಾರನ್ನು ಒಂದೇ ತೊಗಲಿನ ಹಾಳೆಯ ಮೇಲೆ ಎರಡು ಬಾರಿ ಬರೆದು, ನಡುವೆ ಹಲ್ಲುಹಲ್ಲಾಗಿ ಕತ್ತರಿಸಿ, ಇಬ್ಬರಿಗೂ ಒಂದೊಂದು ಭಾಗ ಕೊಡುತ್ತಿದ್ದರು. ಮುಂದೆ ವ್ಯಾಜ್ಯ ಬಂದರೆ ಹಲ್ಲಿಗೆ ಹಲ್ಲು ಕೂಡುತ್ತದೆಯೇ ಎಂದು ನೋಡಿ ನಿಜವನ್ನು ನಿರ್ಣಯಿಸಬಹುದಿತ್ತು. ಅದರಿಂದ ಕರಾರುಪತ್ರಕ್ಕೆ ‘ಇಂಡೆಂಚರ್’ ಎಂಬ ಹೆಸರು ಬಂತು. ಇಬ್ಬರನ್ನೂ ರಕ್ಷಿಸಲೆಂದು ಹುಟ್ಟಿದ ಆ ಹಲ್ಲು ಕಾಲಾಂತರದಲ್ಲಿ ಒಬ್ಬನನ್ನೇ ಕಚ್ಚತೊಡಗಿತು. 1834ರಿಂದ ಬ್ರಿಟಿಷ್ ಇಂಡಿಯಾದ ಬಡವರನ್ನು ಇಂಥ ಕರಾರಿನ ಮೇಲೆ ಮಾರಿಷಸ್‌ಗೂ, ಮುಂದೆ ಟ್ರಿನಿಡಾಡ್, ನಟಾಲ್, ಫಿಜಿಗಳಿಗೂ ಕಬ್ಬಿನ ತೋಟಗಳಿಗೆ ಸಾಗಿಸಲಾಯಿತು. ಫಿಜಿಯೊಂದಕ್ಕೇ 1879ರಿಂದ 1916ರವರೆಗೆ ಸುಮಾರು 60 ಸಾವಿರ ಜನ ಹೋದರು. ‘ಅಗ್ರಿಮೆಂಟ್’ ಎಂಬ ಇಂಗ್ಲಿಷ್ ಮಾತು ಅವರ ಬಾಯಲ್ಲಿ ‘ಗಿರ್ಮಿಟ್’ ಆಯಿತು, ಅವರು ‘ಗಿರ್ಮಿಟಿಯಾ’ಗಳಾದರು. 1917ರಲ್ಲಿ ಈ ನೇಮಕಾತಿ ನಿಂತಿತು.

ಕನ್ನಡದಲ್ಲಿ ಇದಕ್ಕೆ ಸಮೀಪದ ಮಾತು ‘ಜೀತ’. ಇದು ‘ಜೀವಿತ’ದ ತದ್ಭವ. ಶಾಸನಗಳಲ್ಲಿ ಸೇವೆಗೆ ಪ್ರತಿಯಾಗಿ ಬದುಕಲು ಕೊಟ್ಟದ್ದು ‘ಜೀವಿತ’, ಅದರಲ್ಲಿ ಮಾನವಿತ್ತು. ಅದೇ ಶಬ್ದ ಇಂದು ಬದುಕನ್ನೇ ಒತ್ತೆಯಿಟ್ಟ ದುಡಿಮೆಯ ಹೆಸರು. ಆ ಪದ್ಧತಿಯನ್ನು ಭಾರತದಲ್ಲಿ 1976ರ ಕಾಯಿದೆ ನಿಷೇಧಿಸಿತು. ಇಂಗ್ಲಿಷಿನಲ್ಲಿ ಹಲ್ಲು ಹಿಡಿದ ದಾರಿಯನ್ನೇ ಕನ್ನಡದಲ್ಲಿ ಜೀವವೂ ಹಿಡಿಯಿತು.

ಹಳಗನ್ನಡದಲ್ಲಿ ‘ಜೋಳವಾಳಿ’, ‘ವೇಳೆವಾಳಿ’ ಎಂಬ ಮಾತುಗಳಿವೆ. ಉಂಡ ಜೋಳದ ಋಣಕ್ಕಾಗಿ ಕಾದುವುದು ಒಂದು. ಒಡೆಯನೊಡನೆ ಸಾಯುವ ಪಣ ಇನ್ನೊಂದು. ಹಳೇಬೀಡಿನ ಕುವರ ಲಕ್ಷ್ಮನ ಸ್ತಂಭವನ್ನು ನೋಡಿದವರಿಗೆ ಎರಡನೆಯದರ ಅರ್ಥ ಮರೆಯದು: ಹೊಯ್ಸಳ ವೀರಬಲ್ಲಾಳನಿಗೆ ನಿಷ್ಠನಾದ ಆ ವೀರ ತನ್ನವರೊಡನೆ ಪ್ರಾಣ ತೊರೆದ. ಒಡೆಯ ಅಳಿದರೆ ಆಳಿಗೇನು ಗತಿ ಎಂಬ ಪ್ರಶ್ನೆಗೆ ಮಧ್ಯಕಾಲ ಕೊಟ್ಟ ಉತ್ತರ ಅದು. ಭೀಕರ, ಆದರೆ ಉತ್ತರ. ‘ದಿ ಅಸೆಂಟ್’ ಅದೇ ಪ್ರಶ್ನೆಯನ್ನು ಕಂಪನಿಯ ಯುಗಕ್ಕೆ ತಂದು ಕೇಳುತ್ತದೆ. ಕಂಪನಿ ಸತ್ತರೆ ಯಾರೂ ಅದರೊಡನೆ ಸಾಯುವುದಿಲ್ಲ; ಆದರೆ ಯಾರೂ ಬಿಡುಗಡೆಯಾಗುವುದೂ ಇಲ್ಲ. ಒಡೆಯನಿಲ್ಲದ ಆಳು ಸ್ವತಂತ್ರನಲ್ಲ. ಆತ ವಾರಸುದಾರನಿಲ್ಲದ ಆಸ್ತಿ. ಮೊದಲು ಸಿಕ್ಕ ಮೇಸ್ತ್ರಿ ಆತನನ್ನು ಕೆಲಸಕ್ಕೆ ಕಳುಹಿಸುತ್ತಾನೆ.

ನಾನು ಇದನ್ನು ಹೇಳಿದಾಗ ಆ ವಿದ್ಯಾರ್ಥಿ ಆಟವನ್ನು ನಿಲ್ಲಿಸಿದ. ಆತನ ಮನೆತನ ಕಲಬುರಗಿ ಸೀಮೆಯಿಂದ ಮುಂಬಯಿಗೆ ಬಂದದ್ದು. ತರಗತಿಯ ಕನ್ನಡ ಹೋಗಿ ಮನೆಯ ಕನ್ನಡ ಬಂತು: “ನಮ್ಮ ಮುತ್ಯಾ ಮುಕಾದಮನ ಹತ್ರ ಮುಂಗಡ ತಗೊಂಡು ಮುಂಬೈಗೆ ಬಂದವರ್ರಿ ಸರ್. ಮುಕಾದಮ ಸತ್ತ. ಸಾಲ ಸಾಯಲಿಲ್ರಿ. ಅವನ ತಮ್ಮನ ವಹಿಗೆ ಹೋತು.” ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ವೆಲೆಸ್ ಗ್ರಹ ಕಲ್ಪಿತ. ಆ ವಹಿ ಕಲ್ಪಿತವಲ್ಲ.

7

ಋಣ ತೀರಿಸಲು ಮಾರಾಟವಾದ ನಾಯಕನೊಬ್ಬ ನಮ್ಮ ಸಾಹಿತ್ಯದಲ್ಲಿ ಇದ್ದಾನೆ. ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ವನ್ನು ಓದಿದವರಿಗೆ ಕಾಶಿಯ ಬೀದಿಯ ಆ ಪ್ರಸಂಗವನ್ನು ವಿವರಿಸಬೇಕಾಗಿಲ್ಲ. ಅರಸ ತನ್ನ ಹೆಂಡತಿಯನ್ನೂ ಮಗನನ್ನೂ ಮಾರಿ, ಕೊನೆಗೆ ವೀರಬಾಹುವಿಗೆ ತನ್ನನ್ನೇ ಮಾರಿಕೊಂಡು ಸುಡುಗಾಡಿನ ಕಾವಲಿಗೆ ನಿಲ್ಲುತ್ತಾನೆ. ಆತನದು ಅವರೋಹಣ, ಈ ಆಟದ ಆಳಿನದು ಆರೋಹಣ. ದಿಕ್ಕು ಬೇರೆಯಾದರೂ ಪ್ರಶ್ನೆ ಒಂದೇ: ಪರಾಧೀನನಾದವನ ಕೈಯಲ್ಲಿ ಆಯುಧವಿದ್ದರೆ ಅದು ಯಾರ ಆಯುಧ?

ರಾಘವಾಂಕ ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದ ಹಂತಕ್ಕೆ ಒಯ್ಯುತ್ತಾನೆ. ಒಡೆಯನ ಆಜ್ಞೆಯಂತೆ ಹರಿಶ್ಚಂದ್ರ ಚಂದ್ರಮತಿಯ ಮೇಲೆಯೇ ಖಡ್ಗವೆತ್ತಬೇಕಾಗುತ್ತದೆ. ಇಡೀ ಕಾವ್ಯ ಆ ಒಂದು ಎತ್ತಿದ ಕೈಯ ಮೇಲೆ ನಿಲ್ಲುತ್ತದೆ. ‘ದಿ ಅಸೆಂಟ್’ನಲ್ಲಿ ಕೈ ಸದಾ ಎತ್ತಿಯೇ ಇರುತ್ತದೆ, ಆದುದರಿಂದ ಅದಕ್ಕೆ ಭಾರವಿಲ್ಲ. ಹತ್ತು ಗಂಟೆಗಳಲ್ಲಿ ನಮ್ಮ ನಾಯಕ ಕೊಂದವರ ಲೆಕ್ಕ ಇಡಲಾಗದು. ಅವರಲ್ಲಿ ಬಹುಮಂದಿ ಆತನಂತೆಯೇ ತಳಸ್ತರದವರು. ಬೀದಿಯಲ್ಲಿ ಗುಂಡು ಹಾರಿದಾಗ ದಾರಿಹೋಕರು ಚೀರುತ್ತ ಓಡುತ್ತಾರೆ; ಕೆಲವರು ಸಿಕ್ಕಿಯೂ ಬೀಳುತ್ತಾರೆ. ನನ್ನನ್ನು ಯಾರೂ ವಿಚಾರಿಸಲಿಲ್ಲ. ಜೀತದ ಅನ್ಯಾಯವನ್ನು ಇಷ್ಟು ಸೊಗಸಾಗಿ ಚಿತ್ರಿಸಿದ ಕೃತಿ, ಜೀತದಾಳಿಗೆ ಮತ್ತೊಬ್ಬ ಜೀತದಾಳಿನೊಡನೆ ಮಾತಾಡಲು ಗುಂಡೊಂದನ್ನೇ ಭಾಷೆಯಾಗಿ ಕೊಟ್ಟಿತಲ್ಲ ಎಂಬುದು ನನ್ನ ಮುಖ್ಯ ಆಕ್ಷೇಪ. ನಗರವನ್ನು ಕಟ್ಟಿದ ಕೈಗಳು ಗಣಿಗಾರನಂತೆ, ಅಡುಗೆಯವಳಂತೆ, ಕೊಳವೆ ಬೆಸೆಯುವವನಂತೆ ಎಲ್ಲ ಮೂಲೆಯಲ್ಲೂ ಕಾಣುತ್ತವೆ. ಆದರೆ ಆಟದ ಕ್ರಮಕ್ಕೆ ಆ ಕೈಗಳ ಕೆಲಸ ಬೇಕಾಗಿಲ್ಲ. ಕೊಳಚೆಯ ಯಂತ್ರವನ್ನು ಸರಿಪಡಿಸಿದ ಮೊದಲ ಕೂಲಿಯೇ ನನಗೆ ಇಡೀ ಆಟದಲ್ಲಿ ಹೆಚ್ಚು ನಿಜವೆನಿಸಿತು.

ಇದಕ್ಕೆ ವಿದ್ಯಾರ್ಥಿ ಕೊಟ್ಟ ಸಮಾಧಾನವನ್ನೂ ದಾಖಲಿಸುವುದು ನ್ಯಾಯ. “ಸರ್, ಪಂಪನ ಯುದ್ಧದಲ್ಲಿ ಸತ್ತವರ ಲೆಕ್ಕ ನಾವು ಕೇಳ್ತೀವಾ?” ಎಂದ. ಯುದ್ಧವರ್ಣನೆಯೂ ಒಂದು ರೂಢಿ, ಅದರೊಳಗಿನ ಸಾವು ಅಲಂಕಾರ ಎಂಬುದು ಆತನ ವಾದ. ವಾದದಲ್ಲಿ ಹುರುಳಿದೆ. ಆದರೆ ಪಂಪ ಕರ್ಣನ ಸಾವಿಗೆ ಯುದ್ಧವನ್ನೇ ನಿಲ್ಲಿಸಿ ಅಳುತ್ತಾನೆ. ಅಂಥ ಒಂದು ನಿಲುಗಡೆಗಾಗಿ ನಾನು ಈ ಆಟದಲ್ಲಿ ಕಾದೆ. ನಾನು ಕಂಡ ಭಾಗದಲ್ಲಿ ಅದು ಬರಲಿಲ್ಲ. ಆಟದ ಉತ್ತರಾರ್ಧವನ್ನು ನೋಡಿದ ಮೇಲೆ ಈ ಅಭಿಪ್ರಾಯ ಬದಲಾದರೆ ತಿದ್ದಿಕೊಳ್ಳಲು ಸಿದ್ಧನಿದ್ದೇನೆ. ಪ್ರಥಮ ಪರಿಚಯಕ್ಕೆ ಇರುವ ಮಿತಿ ಅದು.

8

ಉಪಸಂಹಾರವಾಗಿ ಎರಡು ಮಾತು. ಮೊದಲನೆಯದು ಪರಿಭಾಷೆಯನ್ನು ಕುರಿತದ್ದು. ಹೊರನಾಡಿನ ಕನ್ನಡ ಮಕ್ಕಳು ಶಾಲೆಯಲ್ಲಿ ಹಿಂದಿಯನ್ನೋ ಮರಾಠಿಯನ್ನೋ, ಆಟದಲ್ಲಿ ಇಂಗ್ಲಿಷನ್ನೋ ಆಡುತ್ತಾರೆ. ಕನ್ನಡ ಅಡುಗೆಮನೆಗೂ ಊರಿನ ಫೋನಿಗೂ ಉಳಿದಿದೆ ಎಂಬುದು ನಮ್ಮ ಬಹುಕಾಲದ ಕೊರಗು. ‘ಸಮಮಾತ್ರಾ ನೋಟ’, ‘ಪಾತ್ರಧಾರಣೆಯ ಆಟ’ ಮೊದಲಾದ ಪದಗಳನ್ನು ನಾನು ಸೂಚಿಸಿದ್ದು ಅವು ಕೂಡಲೇ ನಾಲಗೆಗೆ ಹತ್ತುತ್ತವೆಂಬ ಭ್ರಮೆಯಿಂದಲ್ಲ. ಹೊಸ ಪದಗಳಿಗಿಂತ ಹಳೆಯ ಪದಗಳು ಇಲ್ಲಿ ಹೆಚ್ಚು ಕೆಲಸಕ್ಕೆ ಬಂದವು ಎಂಬುದನ್ನು ತೋರಿಸಲು. ಜೀತ, ಜೋಳವಾಳಿ, ಮುಂಗಡ, ವಹಿ: ಇವಿಲ್ಲದೆ ನಮಗೆ ಆ ಅನ್ಯಗ್ರಹದ ಆಟ ಅರ್ಥವಾಗುತ್ತಿರಲಿಲ್ಲ. ಭಾಷೆಯ ಹಳೆಯ ಸ್ತರಗಳು ಹೊಸದನ್ನು ಅರಿಯುವ ಸಾಧನಗಳು. ಅವನ್ನು ಸಂಗ್ರಹಾಲಯದಲ್ಲಿಟ್ಟರೆ ನಷ್ಟ ನಮ್ಮದೇ.

ಎರಡನೆಯದು ಸಂಶೋಧಕ ಮಿತ್ರರಿಗೆ ಒಂದು ಸೂಚನೆ. ಮುಂಬಯಿ, ಪುಣೆ, ಹೈದರಾಬಾದುಗಳ ಕಟ್ಟಡಗಳಲ್ಲಿ, ಬಂದರುಗಳಲ್ಲಿ, ಕಬ್ಬಿನ ಗದ್ದೆಗಳಲ್ಲಿ ಮುಂಗಡದ ಋಣದಿಂದ ದುಡಿದ ಕನ್ನಡಿಗರ ಬಾಯಿಮಾತುಗಳು ಸಂಗ್ರಹವಾಗಬೇಕಾಗಿದೆ. ಅವರ ಆರೋಹಣ ಅವರೋಹಣಗಳ ಕಥನಕ್ಕೆ ಉಪ್ಸಾಲಾದ ಹನ್ನೆರಡು ಜನರ ಅಗತ್ಯವಿಲ್ಲ; ಕೇಳುವ ಕಿವಿ, ಬರೆಯುವ ಕೈ ಸಾಕು. ನನ್ನ ವಿದ್ಯಾರ್ಥಿ ಈ ರಜೆಯಲ್ಲಿ ಮುಂಬಯಿಗೆ ಹೋಗಿ ತನ್ನ ಮುತ್ಯಾನ ಜತೆಗಾರರಲ್ಲಿ ಉಳಿದವರನ್ನು ಮಾತನಾಡಿಸಿ ಬರುವುದಾಗಿ ಹೇಳಿದ್ದಾನೆ. ಪುರವರ್ಣನೆಯ ಪ್ರಬಂಧದ ಒಂದು ಅಧ್ಯಾಯ ಅದರಿಂದ ತಡವಾಗುತ್ತದೆ. ಆಗಲಿ ಎಂದಿದ್ದೇನೆ.